ಕರ್ಬೂಜದ ರಸದಲ್ಲಿ ಸಿಕ್ಕಿದ ಕಿಣ್ವ

ಹಣ್ಣನ್ನು ಮಾಗಿಸುವ ಅನಿಲವನ್ನು ಹಣ್ಣೇ ಹುಟ್ಟಿಸಿಕೊಳ್ಳುತ್ತದೆ ಎಂಬುದು 1934ರಲ್ಲೇ ಗೊತ್ತಾಗಿತ್ತು. ಮಾಗುತ್ತಿದ್ದ ಸೇಬುಗಳನ್ನು ಹಾದುಬಂದ ಗಾಳಿಯಲ್ಲಿ ಎಥಿಲೀನ್ ಇದೆಯೆಂದು ಇಂಗ್ಲೆಂಡಿನ ರಿಚರ್ಡ್ ಗೇನ್ ರಾಸಾಯನಿಕ ಪುರಾವೆ ಸಮೇತ ತೋರಿಸಿದ್ದರು. ಅದನ್ನು ಹಣ್ಣು ತಯಾರಿಸುವುದು ಹೇಗೆ ಎಂಬುದು ಮಾತ್ರ ಐದು ದಶಕ ಕಳೆದರೂ ಪೂರ್ತಿ ಬಗೆಹರಿಯಲಿಲ್ಲ. ಕೊನೆಯ ಗಂಟು ಬಿಚ್ಚಿಕೊಂಡದ್ದು 1991ರಲ್ಲಿ, ಕರ್ಬೂಜದ ಹಣ್ಣಿನಲ್ಲಿ.

ಅದಕ್ಕೆ ಮೊದಲು ದೊಡ್ಡ ದಾರಿ ತೆರೆದವರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಆಡಮ್ಸ್ ಮತ್ತು ಶಾಂಗ್ ಫಾ ಯಾಂಗ್. ಎಥಿಲೀನ್ ಹುಟ್ಟುವುದು ಮೆಥಿಯೊನಿನ್ ಎಂಬ ಅಮೈನೊ ಆಮ್ಲದಿಂದ, ಆಮ್ಲಜನಕ ಇಲ್ಲದಿದ್ದರೆ ಅದು ಹುಟ್ಟದು, ಇಷ್ಟು ಆಗಲೇ ತಿಳಿದಿತ್ತು. ಅವರು ಸೇಬಿನ ತಿರುಳಿಗೆ ವಿಕಿರಣದ ಗುರುತಿರುವ ಮೆಥಿಯೊನಿನ್ ಉಣಿಸಿ ಬರೀ ಸಾರಜನಕದಲ್ಲಿ ಇಟ್ಟರು. ಎಥಿಲೀನ್ ನಿಂತಿತು, ಬದಲಿಗೆ ತಿರುಳಿನೊಳಗೆ ಬೇರೊಂದು ವಸ್ತು ಶೇಖರವಾಗತೊಡಗಿತು. ಗಾಳಿ ಬಿಟ್ಟದ್ದೇ ತಡ, ಅದು ಎಥಿಲೀನಾಗಿ ಹೊರಬಂತು. ಆ ವಸ್ತುವೇ ಎಸಿಸಿ. 1979ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ಚೊಕ್ಕವಾದದ್ದು ಸಸ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಅನಿಸಿಕೆ. ಎಸಿಸಿ ಹೊಸ ವಸ್ತುವೂ ಅಲ್ಲ. 1957ರಲ್ಲೇ ಪಿಯರ್ ಮತ್ತು ಸೇಬಿನ ರಸದಲ್ಲಿ ಅದನ್ನು ಗುರುತಿಸಿದ್ದರು. ಅದಕ್ಕೇನು ಕೆಲಸ ಎಂದು ತಿಳಿಯದೆ ಇಪ್ಪತ್ತೆರಡು ವರ್ಷ ಹಾಗೇ ಬಿದ್ದಿತ್ತು.

ಉಳಿದದ್ದು ಎಸಿಸಿಯನ್ನು ಎಥಿಲೀನ್ ಮಾಡುವ ಕಿಣ್ವ. ಇಲ್ಲಿ ಎಲ್ಲರ ಕೈಯೂ ಸೋತಿತು. ಇಡಿಯಾದ ತಿರುಳಿನಲ್ಲಿ ಚುರುಕಾಗಿದ್ದ ಕಿಣ್ವ, ತಿರುಳನ್ನು ಅರೆದ ಕೂಡಲೇ ಸುಳಿವಿಲ್ಲದಂತೆ ಹೋಗುತ್ತಿತ್ತು. ಜೀವಕೋಶದ ಪೊರೆ ಹರಿಯದೆ ಇದ್ದರೆ ಮಾತ್ರ ಅದು ಕೆಲಸ ಮಾಡೀತು ಎಂಬ ನಂಬಿಕೆ ಹೀಗೆ ಬಲಿಯಿತು. ಇಂಗ್ಲೆಂಡಿನ ಫಿಲಿಪ್ ಜಾನ್ ಪೊರೆಯ ಆಚೀಚೆ ನಡೆಯುವ ಪ್ರೋಟಾನ್ ಹರಿವಿಗೆ ಇದನ್ನು ಜೋಡಿಸಿ 1983ರಲ್ಲಿ ಒಂದು ಸಿದ್ಧಾಂತವನ್ನೇ ಮುಂದಿಟ್ಟಿದ್ದರು. ಅರೆದ ರಸದಲ್ಲೂ ಎಥಿಲೀನ್ ಬಂತು ಎಂದವರು ಇದ್ದರು. ಆದರೆ ಎಸಿಸಿಯಿಂದ ಎಥಿಲೀನ್ ಬಿಡಿಸಲು ಎಷ್ಟೋ ಸಾಮಾನ್ಯ ರಾಸಾಯನಿಕಗಳೇ ಸಾಕು. ನಿಜವಾದ ಕಿಣ್ವವನ್ನು ಪತ್ತೆಹಚ್ಚಲು ಯಾಂಗ್ ತಂಡ ಒಂದು ಒರೆಗಲ್ಲು ಕೊಟ್ಟಿತ್ತು. ಎಸಿಸಿಯನ್ನೇ ಹೋಲುವ ಒಂದು ಅಣುವಿಗೆ ನಾಲ್ಕು ರೂಪಗಳಿವೆ. ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ. ಜೀವಂತ ತಿರುಳು ಅವುಗಳಲ್ಲಿ ಒಂದನ್ನೇ ಮುಖ್ಯವಾಗಿ ಆರಿಸಿಕೊಳ್ಳುತ್ತದೆ. ಬರೀ ರಾಸಾಯನಿಕ ಕ್ರಿಯೆಗೆ ಆ ವಿವೇಚನೆ ಇಲ್ಲ.

ಸುಳಿವು ಬಂದದ್ದು ಬೇರೆ ಕಡೆಯಿಂದ. ನಾಟಿಂಗ್‌ಹ್ಯಾಮ್‌ನಲ್ಲಿ ಡೊನಾಲ್ಡ್ ಗ್ರಿಯರ್‌ಸನ್ ತಂಡ ಟೊಮೆಟೊ ಮಾಗುವಾಗ ಎಚ್ಚರಗೊಳ್ಳುವ ಜೀನ್‌ಗಳನ್ನು ಕಲೆಹಾಕಿತ್ತು. ಅವುಗಳಲ್ಲಿ ಪಿಟಾಮ್13 ಎಂಬುದು ಗಾಯಗೊಂಡ ಎಲೆಯಲ್ಲೂ ಎಚ್ಚರಗೊಳ್ಳುತ್ತಿತ್ತು. ಗಾಯಗೊಂಡ ಎಲೆಯೂ ಎಥಿಲೀನ್ ಸೂಸುತ್ತದಲ್ಲ! 1990ರಲ್ಲಿ ಹ್ಯಾಮಿಲ್ಟನ್, ಲೈಸೆಟ್ ಮತ್ತು ಗ್ರಿಯರ್‌ಸನ್ ಆ ಜೀನನ್ನು ಅಡಗಿಸಲೆಂದು ಅದನ್ನೇ ತಲೆಕೆಳಗಾಗಿ ಗಿಡಕ್ಕೆ ಸೇರಿಸಿದರು. ಎಥಿಲೀನ್ ಕುಸಿಯಿತು. ಅದರ ಅಕ್ಷರಸಾಲು ಓದಿದಾಗ ಹೂವಿನ ಬಣ್ಣ ತಯಾರಿಸುವ ಒಂದು ಕಿಣ್ವದ ಹೋಲಿಕೆ ಕಂಡಿತು. ಆ ಬಣ್ಣದ ಕಿಣ್ವಕ್ಕೆ ಪೊರೆ ಬೇಡ, ಕಬ್ಬಿಣ ಮತ್ತು ವಿಟಮಿನ್ ಸಿ ಬೇಕು.

ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ವೆರ್ವೆರಿಡಿಸ್ ಮತ್ತು ಅದೇ ಫಿಲಿಪ್ ಜಾನ್ ಈ ಜಾಡು ಹಿಡಿದರು. ಕರ್ಬೂಜವನ್ನು ಅರೆದು, ಅದಕ್ಕೆ ಕಬ್ಬಿಣ ಮತ್ತು ವಿಟಮಿನ್ ಸಿ ಒದಗಿಸಿದರು. ಪೊರೆಯ ಚೂರೂ ಇಲ್ಲದ ತಿಳಿಯಲ್ಲಿ ಕಿಣ್ವ ಪೂರ್ತಿ ಬಲದಿಂದ ಕೆಲಸ ಮಾಡಿತು, ಆ ನಾಲ್ಕು ರೂಪಗಳ ಪರೀಕ್ಷೆಯಲ್ಲೂ ಗೆದ್ದಿತು. ಅಷ್ಟು ವರ್ಷ ಅದು ಸತ್ತೇಹೋಗುತ್ತದೆ ಎಂದುಕೊಂಡಿದ್ದರು. ಕೊರತೆ ಇದ್ದದ್ದು ಈ ಎರಡು ಸಾಮಾನ್ಯ ವಸ್ತುಗಳದು. ತನ್ನದೇ ಸಿದ್ಧಾಂತವನ್ನು ತನ್ನದೇ ಪ್ರಯೋಗದಿಂದ ಬದಿಗೆ ಸರಿಸಿದ ಜಾನ್ ಅವರ ಪ್ರಾಮಾಣಿಕತೆ ನನಗೆ ಆ ಕಿಣ್ವದಷ್ಟೇ ದೊಡ್ಡದಾಗಿ ಕಾಣುತ್ತದೆ.

ಕಿಣ್ವ ಸಿಕ್ಕಮೇಲೆ ಅದನ್ನು ಕರ್ಬೂಜದಲ್ಲೇ ತಡೆದು ನೋಡುವ ಕೆಲಸ ಫ್ರಾನ್ಸಿನ ತುಲೂಸ್‌ನಲ್ಲಿ ನಡೆಯಿತು. ಅಲ್ಲಿನ ಶರಾಂತೆ ತಳಿ ಘಮಘಮಿಸುವ ಕೇಸರಿ ತಿರುಳಿನದು, ಕಿತ್ತ ಕೆಲವೇ ದಿನಗಳಲ್ಲಿ ಮೆತ್ತಗಾಗುವಂಥದ್ದು. ರಿಕಾರ್ಡೊ ಅಯೂಬ್ ಮತ್ತು ಸಂಗಡಿಗರು ಬೆಳೆಸಿದ ಮಾರ್ಪಡಿಸಿದ ಬಳ್ಳಿಯ ಹಣ್ಣಿನಲ್ಲಿ ಎಥಿಲೀನ್ ಮಾಮೂಲಿನ ಶೇಕಡ 1ಕ್ಕಿಂತ ಕಡಿಮೆಗೆ ಇಳಿಯಿತು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಸಿಪ್ಪೆ ಹಳದಿಗೆ ತಿರುಗಲಿಲ್ಲ, ತೊಟ್ಟು ಕಳಚಲಿಲ್ಲ. ಒಳಗಿನ ಕೇಸರಿ ಬಣ್ಣ ಮಾತ್ರ ಎಂದಿನಂತೆ ಬಂತು, ಸಕ್ಕರೆಯೂ ತುಂಬಿತು. ಮಾಗುವುದೆಂದರೆ ಒಂದೇ ಕ್ರಿಯೆಯಲ್ಲ, ಎಥಿಲೀನ್ ಕೇಳುವ ಬದಲಾವಣೆಗಳು ಬೇರೆ, ಕೇಳದವು ಬೇರೆ ಎಂಬುದು ಕಣ್ಣಿಗೆ ಕಟ್ಟುವಂತೆ ತಿಳಿಯಿತು.

ಬೆಳೆಗಾರನಿಗೆ ಇದರಲ್ಲಿ ತಿರುಳಿರುವ ಮಾತಿದೆ. ಬಾಳೆಯಲ್ಲಿ ಪಿಷ್ಟದ ದಾಸ್ತಾನಿದೆ, ಅಡೆ ಹಾಕಿದರೆ ಅದು ಸಕ್ಕರೆಯಾಗುತ್ತದೆ. ಕರ್ಬೂಜದಲ್ಲಿ ಆ ದಾಸ್ತಾನಿಲ್ಲ. ಸಿಹಿಯೆಲ್ಲ ಎಲೆಯಿಂದ ತೊಟ್ಟಿನ ಮೂಲಕವೇ ಬರಬೇಕು. ಬೇಗ ಕಿತ್ತ ಹಣ್ಣು ಮೆತ್ತಗಾದೀತು, ಪರಿಮಳವನ್ನೂ ಬೀರೀತು, ಸಿಹಿಯಾಗದು. ತುಲೂಸಿನ ಹಣ್ಣು ಬಳ್ಳಿ ಬಿಡದೆ ನಿಂತದ್ದರಿಂದ ಸಕ್ಕರೆ ಕೂಡುತ್ತಲೇ ಹೋಯಿತು. ಆದರೆ ಪರಿಮಳ ಬಹುಮಟ್ಟಿಗೆ ಹೋಯಿತು, ಏಕೆಂದರೆ ಅದನ್ನು ಕಟ್ಟುವ ಎಸ್ಟರ್‌ಗಳಿಗೆ ಎಥಿಲೀನ್ ಬೇಕು. ಬಾಳಿಕೆಗಾಗಿ ಪರಿಮಳ ಬಿಟ್ಟುಕೊಡುವುದು ಸಣ್ಣ ನಷ್ಟವೆಂದು ನಾನು ಒಪ್ಪಲಾರೆ. ಹೊರಗಿನಿಂದ ಎಥಿಲೀನ್ ಕೊಟ್ಟರೆ ನಿಂತ ಮಾಗುವಿಕೆ ಮತ್ತೆ ಶುರುವಾಯಿತು ಎಂಬುದೇ ಸಮಾಧಾನ.

ಇದೇ ಹಣ್ಣುಗಳು ಶೀತಲಗೃಹದ ಒಂದು ಹಳೆಯ ತೊಂದರೆಯ ಮೇಲೂ ಬೆಳಕು ಚೆಲ್ಲಿದವು. ಶರಾಂತೆಯನ್ನು 2 ಡಿಗ್ರಿ ಚಳಿಯಲ್ಲಿಟ್ಟು ಹೊರತೆಗೆದರೆ ಸಿಪ್ಪೆ ಕುಳಿಬಿದ್ದು ಕಂದಾಗುತ್ತದೆ. ಅದನ್ನು ಚಳಿಯೊಂದರ ಪೆಟ್ಟು ಎಂದುಕೊಳ್ಳುವುದು ಸಹಜ. 1999ರಲ್ಲಿ ವರದಿಯಾದಂತೆ, ಎಥಿಲೀನ್ ತಡೆದ ಹಣ್ಣುಗಳು ಅದೇ ಚಳಿಯನ್ನು ತಾಳಿಕೊಂಡವು. ಅವಕ್ಕೆ ಮೊದಲೇ ಎಥಿಲೀನ್ ತಾಗಿಸಿ ಚಳಿಯಲ್ಲಿಟ್ಟಾಗ ಕುಳಿಗಳು ಕಾಣಿಸಿಕೊಂಡವು.