ಕಾಲಿನ ಸಾಕ್ಷ್ಯ

ಕೈ ಮಾಡುವ ಕೆಲಸವನ್ನು ಕಣ್ಣು ನೋಡುತ್ತಿರುತ್ತದೆ. ಕಾಲು ಮಾಡುವುದನ್ನು ನೋಡುವವರಿಲ್ಲ. ಮೋಟಾರು ನಡೆಸುವವನ ವಿಷಯದಲ್ಲಿ ಇದು ಇನ್ನೂ ದಿಟ. ಅವನ ದೃಷ್ಟಿ ದಾರಿಯ ಮೇಲೆ, ಕೈ ಸ್ಟಿಯರಿಂಗಿನ ಮೇಲೆ. ಬಲಗಾಲು ಮಾತ್ರ ಕೆಳಗಿನ ಕತ್ತಲೆಯಲ್ಲಿ ದುಡಿಯುತ್ತದೆ. ಅಮೆರಿಕದ ಬಹುಪಾಲು ಗಾಡಿಗಳಲ್ಲಿ ಗೇರು ತಾನಾಗಿಯೇ ಬದಲಾಗುವುದರಿಂದ ಅಲ್ಲಿರುವುದು ಎರಡೇ ಪೆಡಲು. ಒಂದು ವೇಗವನ್ನು ಕೊಡುವಂಥದು, ಇನ್ನೊಂದು ತಡೆಯುವಂಥದು. ಎರಡರ ನಡುವೆ ಗೇಣಿನ ಅಂತರವೂ ಇಲ್ಲ. ನಿಂತಿದ್ದ ಗಾಡಿಯೊಂದು ಒಮ್ಮೆಗೇ ಬಾಣದಂತೆ ಚಿಮ್ಮಿ ಗೋಡೆಗೋ ಮನುಷ್ಯರಿಗೋ ಬಡಿದಾಗ ಚಾಲಕನು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: “ನಾನು ಬ್ರೇಕನ್ನೇ ಒತ್ತಿದೆ, ಗಾಡಿ ನಿಲ್ಲಲಿಲ್ಲ.” ತಯಾರಕರದೂ ಒಂದೇ ಮಾತು: “ಯಂತ್ರದಲ್ಲಿ ದೋಷವಿಲ್ಲ.” ಇವರಲ್ಲಿ ಯಾರನ್ನು ನಂಬಬೇಕು?

ಈ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವಾಗಿ ಬೆಳೆದದ್ದು 1980ರ ದಶಕದಲ್ಲಿ, ಜರ್ಮನಿಯ ಆಡಿ 5000 ಎಂಬ ಕಾರಿನ ದೆಸೆಯಿಂದ. 1986ರ ನವೆಂಬರಿನಲ್ಲಿ ಸಿಬಿಎಸ್ ಟೆಲಿವಿಷನ್ನಿನ ‘ಸಿಕ್ಸ್‌ಟಿ ಮಿನಿಟ್ಸ್’ ಕಾರ್ಯಕ್ರಮವು, ಆ ಕಾರಿನ ಪೆಡಲು ತಾನಾಗಿಯೇ ಕೆಳಗಿಳಿಯುವ ದೃಶ್ಯವನ್ನು ತೋರಿಸಿತು. ಅದಕ್ಕಾಗಿ ಗೇರುಪೆಟ್ಟಿಗೆಗೆ ರಂಧ್ರ ಕೊರೆದು ಹೊರಗಿನಿಂದ ಒತ್ತಡದ ಗಾಳಿಯನ್ನು ಹಾಯಿಸಿದ್ದರೆಂಬುದು ಅನಂತರ ಬಯಲಾಯಿತು. 1989ರಲ್ಲಿ ಅಲ್ಲಿನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯು, ಇಂಥ ಅಪಘಾತಗಳಿಗೆ ಮುಖ್ಯ ಕಾರಣ ಕಾಲು ತಪ್ಪು ಪೆಡಲನ್ನು ಒತ್ತಿದ್ದೇ ಎಂದು ತೀರ್ಮಾನಿಸಿತು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಸೇರಿಸಿತು: ಎಂಜಿನಿನ ನಿಂತ ವೇಗವನ್ನು ಕಾಯುವ ಸಲಕರಣೆ ಕೆಲವು ಕಾರುಗಳಲ್ಲಿ ಕೆಟ್ಟು, ಗಾಡಿ ಸ್ವಲ್ಪ ಮುಂದಕ್ಕೆ ಜಗ್ಗಿ, ಚಾಲಕನನ್ನು ಬೆಚ್ಚಿಬೀಳಿಸಿರಬಹುದು. ಯಂತ್ರ ಹೆದರಿಸಿತು, ಹೆದರಿದ ಕಾಲು ತಪ್ಪಿತು. ಇಲ್ಲಿ ಅಪರಾಧಿ ಯಾರು?

ಈ ವರದಿಗಳನ್ನು ಓದುವಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಚಾಲಕರ ಪ್ರಾಮಾಣಿಕತೆ. ರಿಚರ್ಡ್ ಷ್ಮಿಟ್ ಎಂಬ ಮನೋವಿಜ್ಞಾನಿ 1989ರಲ್ಲಿ ಇದನ್ನು ವಿವರಿಸಿದನು. ಮನಸ್ಸು ‘ಬ್ರೇಕು’ ಎಂದು ಸರಿಯಾಗಿಯೇ ಆಜ್ಞೆ ಮಾಡುತ್ತದೆ. ಕಾಲು ಒಂದೆರಡು ಅಂಗುಲ ಪಕ್ಕಕ್ಕೆ ಬೀಳುತ್ತದೆ. ಬಿದ್ದ ಸುದ್ದಿ ಮನಸ್ಸಿಗೆ ಮುಟ್ಟುವುದಿಲ್ಲ. ಗಾಡಿ ಮುನ್ನುಗ್ಗಿದಾಗ ಅವನು ‘ಬ್ರೇಕನ್ನು’ ಇನ್ನೂ ಬಲವಾಗಿ ಒತ್ತುತ್ತಾನೆ, ವೇಗ ಇನ್ನೂ ಏರುತ್ತದೆ. ಹಗ್ಗದಲ್ಲಿ ಹಾವನ್ನು ಕಂಡವನ ನಡುಕ ಸುಳ್ಳಲ್ಲ. ಹಾವು ಮಾತ್ರ ಇರಲಿಲ್ಲ. ಭ್ರಾಂತಿಗೂ ಅನೃತಕ್ಕೂ ಇರುವ ಈ ಅಂತರವನ್ನು ನಮ್ಮ ವೇದಾಂತಿಗಳು ಬಲ್ಲರು. ನ್ಯಾಯಾಲಯಗಳು ಅನೇಕ ವೇಳೆ ಮರೆಯುತ್ತವೆ.

ಹಾಗೆಂದು ಎಲ್ಲ ಹೊರೆಯನ್ನೂ ಕಾಲಿನ ಮೇಲೆಯೇ ಹೇರಿದರೆ ಅದೂ ಅನ್ಯಾಯವೇ. 2009ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾಂಟೀ ಎಂಬಲ್ಲಿ ಲೆಕ್ಸಸ್ ಕಾರೊಂದು ತಡೆಯಿಲ್ಲದೆ ಓಡಿ ನಾಲ್ವರು ಸತ್ತರು. ನಡೆಸುತ್ತಿದ್ದವನು ಹೆದ್ದಾರಿ ಪೊಲೀಸ್ ಅಧಿಕಾರಿ, ಪಳಗಿದ ಚಾಲಕ. ಬೇರೆ ಮಾದರಿಯ ಗಾಡಿಗೆ ಸೇರಿದ ಕಾಲುಹಾಸು ಪೆಡಲನ್ನು ಕಚ್ಚಿ ಹಿಡಿದಿತ್ತು. 2010ರ ಜನವರಿಯಲ್ಲಿ ಟೊಯೋಟ ಸಂಸ್ಥೆಯು, ಪೆಡಲು ಅಂಟಿಕೊಳ್ಳುವ ದೋಷಕ್ಕಾಗಿ ಸುಮಾರು 23 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಿತು. ಟುಂಡ್ರಾ ಪಿಕಪ್ ಟ್ರಕ್ಕೂ ಅವುಗಳಲ್ಲಿತ್ತು. 2011ರಲ್ಲಿ ನಾಸಾದ ಎಂಜಿನಿಯರರು ವಿದ್ಯುನ್ಮಾನ ದೋಷವೇನಾದರೂ ಇದೆಯೇ ಎಂದು ಶೋಧಿಸಿ, ಅದಕ್ಕೆ ಪುರಾವೆ ದೊರೆಯಲಿಲ್ಲವೆಂದರು. ಆದರೂ ಜನರಿಗೆ ತಪ್ಪು ತಿಳಿವಳಿಕೆ ಕೊಟ್ಟದ್ದಕ್ಕಾಗಿ 2014ರಲ್ಲಿ ಟೊಯೋಟ 120 ಕೋಟಿ ಡಾಲರು ದಂಡ ತೆರಲು ಒಪ್ಪಬೇಕಾಯಿತು.

2024ರ ಏಪ್ರಿಲಿನ ಪ್ರಸಂಗವಂತೂ ಕಥೆಯಂತಿದೆ. ಟೆಸ್ಲಾದ ಸೈಬರ್‌ಟ್ರಕ್ ಎಂಬ ಪಿಕಪ್ ಗಾಡಿಗಳು, ಒಟ್ಟು 3,878, ಹಿಂದಕ್ಕೆ ಬಂದುವು. ಪೆಡಲಿಗೆ ಮೇಲ್ಕವಚವನ್ನು ತೊಡಿಸುವಾಗ ಸಲೀಸಾಗಲೆಂದು, ಅನುಮತಿ ಇಲ್ಲದೆಯೇ, ಸಾಬೂನನ್ನು ಬಳಸಿದ್ದರು. ಉಳಿದ ಜಿಗುಟಿನಿಂದ ಕವಚ ಜಾರಿ, ಮೇಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಪೆಡಲು ಒತ್ತಿದಂತೆಯೇ ನಿಲ್ಲಬಹುದಾಗಿತ್ತು. ಇಷ್ಟು ಜಾಣ ಯಂತ್ರವನ್ನು ಹಾದಿ ತಪ್ಪಿಸಲು ಇಷ್ಟು ಸಾಬೂನು ಸಾಕು!

ಇದರಿಂದ ನನಗೆ ತೋರುವುದಿಷ್ಟು. ಚಾಲಕನ ಪ್ರಾಮಾಣಿಕತೆ ಅವನ ಮಾತಿಗೆ ಪ್ರಮಾಣವಾಗಲಾರದು. ‘ಬಹುಪಾಲು ಇವೆಲ್ಲ ಕಾಲಿನ ತಪ್ಪೇ’ ಎಂಬ ಲೆಕ್ಕವೂ ಎದುರಿಗಿರುವ ಒಂದು ಗಾಡಿಗೆ ಪ್ರಮಾಣವಾಗಲಾರದು. ಪ್ರತಿಯೊಂದನ್ನೂ ಬಿಚ್ಚಿ, ಬಗ್ಗಿ ನೋಡಬೇಕು. ಮನುಷ್ಯನ ಕಾಲು ತಪ್ಪುತ್ತದೆ ಎಂಬುದು ತಯಾರಕನಿಗೆ ರಕ್ಷಣೆಯಲ್ಲ, ಅವನ ಹೊಣೆಯ ಆರಂಭ. ಬ್ರೇಕನ್ನು ಒತ್ತದೆ ಗೇರು ಕದಲದಂತೆ ಒಂದು ಚಿಲಕವನ್ನಿಟ್ಟಾಗ ಆಡಿ ಕಾರಿನ ಅವಘಡಗಳು ಕಡಮೆಯಾದುವು. ಉಪದೇಶದಿಂದ ಆಗದ ಕೆಲಸವನ್ನು ಚಿಲಕ ಮಾಡಿತು.

ಓದುಗರಿಗೆ ಉಪಯೋಗದ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಗಾಡಿ ಕೈಮೀರಿತೆನಿಸಿದರೆ ಕಾಲನ್ನು ಎರಡೂ ಪೆಡಲುಗಳಿಂದ ಒಮ್ಮೆ ಎತ್ತಿ, ಬ್ರೇಕನ್ನು ಹುಡುಕಿ, ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಬಲವಾಗಿ ಅದುಮಬೇಕು. ಗೇರನ್ನು ನ್ಯೂಟ್ರಲಿಗೆ ತರಬೇಕು. ಕಾಲಿನ ಸಾಕ್ಷ್ಯವನ್ನು ಒಂದು ಕ್ಷಣ ಸಂದೇಹಿಸಬಲ್ಲವನು ತನ್ನ ಜೀವವನ್ನೂ ಎದುರಿನವರ ಜೀವವನ್ನೂ ಉಳಿಸಿಯಾನು.