ಸೂಜಿ ಎಷ್ಟು ಆಳ ಇಳಿಯಬೇಕು?

ಹಚ್ಚೆ ಹಾಕುವುದನ್ನು ಕಲಿಯಲು ಬಂದವರ ಮೊದಲ ಪ್ರಶ್ನೆ ಬಹುತೇಕ ಇದೇ. ಎರಡನೆಯದೂ ಗೊತ್ತಿದ್ದದ್ದೇ: ‘ಮೆಷಿನ್ನಿಗೆ ಎಷ್ಟು ವೋಲ್ಟು ಇಡಬೇಕು?’ ಎರಡಕ್ಕೂ ಒಂದೊಂದು ಅಂಕಿ ಹೇಳಿ ಕಳಿಸಬಹುದು. ಆದರೆ ಆ ಅಂಕಿ ಹಿಡಿದುಕೊಂಡು ಹೋದವರು ವಾರ ಕಳೆಯುವಷ್ಟರಲ್ಲಿ ವಾಪಸ್ ಬರುತ್ತಾರೆ, ಈ ಸಲ ‘ಗೆರೆ ಯಾಕೋ ಸರಿ ಬರಲಿಲ್ಲ’ ಎನ್ನುತ್ತಾ. ಮಸಿ ಚರ್ಮದಲ್ಲಿ ಎಲ್ಲಿ ಕೂರುತ್ತದೆ, ಅಲ್ಲಿ ಅದನ್ನು ಹಿಡಿದಿಟ್ಟಿರುವುದು ಯಾವುದು ಎಂಬುದು ತಿಳಿಯದೆ ಹಚ್ಚೆಯ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳುವುದು ಕಷ್ಟ.

ಚರ್ಮದ ವಿಚಾರ ಬೇಗ ಮುಗಿಸೋಣ. ಮೇಲಿನದು ಹೊರಚರ್ಮ. ಅಂಗೈ, ಅಂಗಾಲು ಬಿಟ್ಟರೆ ಮೈಯ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದರ ಕೋಶಗಳು ತಳದಲ್ಲಿ ಹುಟ್ಟಿ, ಮೇಲೆ ಬಂದು, ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಅದರಡಿ ನಾರು, ರಕ್ತನಾಳ, ನರಗಳಿರುವ ಒಳಚರ್ಮ. ಅದಕ್ಕೂ ಕೆಳಗೆ ಕೊಬ್ಬು. ಹಚ್ಚೆ ಉಳಿಯುವುದು ಒಳಚರ್ಮದ ಮೇಲ್ಭಾಗದಲ್ಲಿ. ಎಲ್ಲರೂ ಹೇಳುವ ‘ಒಂದರಿಂದ ಎರಡು ಮಿಲಿಮೀಟರ್’ ಎಂಬ ಮಾತು ಸುಳ್ಳಲ್ಲ. ಆದರೆ ಬೆನ್ನಿನ ಚರ್ಮಕ್ಕೂ ಮಣಿಕಟ್ಟಿನ ಒಳಬದಿಗೂ ಅಜಗಜಾಂತರ. ಇಪ್ಪತ್ತರ ಹುಡುಗನ ತೋಳಿಗೆ ಒಗ್ಗುವ ಆಳ ಎಪ್ಪತ್ತರ ಅಜ್ಜಿಯ ತೋಳಿಗೆ ಒಗ್ಗದು.

ಸೂಜಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಅದು ಡಾಕ್ಟರರ ಸಿರಿಂಜಿನಂತೆ ಟೊಳ್ಳಲ್ಲ, ಗಟ್ಟಿ ಉಕ್ಕು. ಮೆಷಿನ್ನು ಮಸಿಯನ್ನು ಒಳಗೆ ಒತ್ತುವುದೂ ಇಲ್ಲ. ಹಲವು ಸೂಜಿಗಳನ್ನು ಒಟ್ಟಿಗೆ ಬೆಸುಗೆ ಹಾಕಿರುತ್ತಾರೆ. ಶಾಯಿ ಪೆನ್ನಿನ ನಿಬ್ಬಿನ ಸೀಳಿನಲ್ಲಿ ಶಾಯಿ ನಿಲ್ಲುವಂತೆ ಅವುಗಳ ಸಂದಿನಲ್ಲಿ ಮಸಿ ನಿಂತಿರುತ್ತದೆ. ಸೂಜಿ ತೂತು ಮಾಡಿ ಹಿಂದೆ ಸರಿದಾಗ ಆ ತೂತು ತಾನೇ ಮಸಿಯನ್ನು ಎಳೆದುಕೊಳ್ಳುತ್ತದೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಪೇಟೆಂಟು ಪಡೆದ ಹಚ್ಚೆ ಯಂತ್ರಕ್ಕೆ ಮೂಲ ಎಡಿಸನ್ನನ 1876ರ ವಿದ್ಯುತ್ ಪೆನ್ನು. ಆ ಪೆನ್ನಿಗೂ ಮಸಿ ಕಕ್ಕುವ ಕೆಲಸ ಇರಲಿಲ್ಲ! ಪ್ರತಿ ತೆಗೆಯಲು ಬೇಕಾದ ಕಾಗದಕ್ಕೆ ತೂತು ಕೊರೆಯುವುದಷ್ಟೇ ಅದರ ಕಸುಬು. ಇದು ಗೊತ್ತಾದರೆ ವೋಲ್ಟಿನ ಪ್ರಶ್ನೆಯೂ ತಾನಾಗಿ ಬದಲಾಗುತ್ತದೆ. ಮೆಷಿನ್ ಜೋರಾಗಿದ್ದು ಕೈ ನಿಧಾನವಾದರೆ ಒಂದೇ ಜಾಗಕ್ಕೆ ತೂತಿನ ಮೇಲೆ ತೂತು ಬಿದ್ದು ಚರ್ಮ ಹರಿಯುತ್ತದೆ. ಕೈ ಓಡಿ ಮೆಷಿನ್ ಹಿಂದುಳಿದರೆ ಗೆರೆ ಚುಕ್ಕಿಚುಕ್ಕಿಯಾಗುತ್ತದೆ. ಕೈಯ ವೇಗ ಹೇಳದೆ ವೋಲ್ಟು ಕೇಳಿದರೆ ಉತ್ತರ ಕೊಡುವವರು ಊಹಿಸಬೇಕಾಗುತ್ತದೆ.

ಈಗ ನನಗೆ ಅತಿ ಇಷ್ಟವಾದ ಭಾಗ. ಒಳಚರ್ಮಕ್ಕೆ ಬಿದ್ದ ಮಸಿ ದೇಹದ ಲೆಕ್ಕದಲ್ಲಿ ಕಸ. ಅದನ್ನು ತೆಗೆಯಲು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಬಂದು ಕಣಗಳನ್ನು ನುಂಗುತ್ತವೆ. ಹೊರಗಿನ ವಸ್ತುವನ್ನು ನುಂಗುವ ಇಂಥ ಕೋಶಗಳನ್ನು ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸೀನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಗುರುತಿಸಿದರು. ಚುಚ್ಚಿ ನೋಡಿದ್ದಕ್ಕೇ 1908ರಲ್ಲಿ ನೊಬೆಲ್ ಬಂತೆನ್ನಬಹುದು. ನುಂಗಿದ್ದೇನೋ ಸರಿ, ಆದರೆ ಹಚ್ಚೆಯ ಬಣ್ಣದ ಕಣ ಕರಗುವುದಿಲ್ಲ. ಕೋಶ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೂತುಬಿಡುತ್ತದೆ. ನಮ್ಮ ಕಣ್ಣಿಗೆ ಕಾಣುವ ಗೆರೆ ಎಂದರೆ ಬಹುಮಟ್ಟಿಗೆ ಹೀಗೆ ಬಣ್ಣ ನುಂಗಿ ಕೂತ ಕೋಶಗಳ ಸಾಲು.

ಇಲ್ಲಿ ಚುರುಕಾದ ವಿದ್ಯಾರ್ಥಿ ಕೇಳುತ್ತಾನೆ: ಕೋಶ ಸತ್ತಾಗ? ಇದನ್ನು ಕೇಳುವವರು ಸಿಕ್ಕರೆ ನನಗೆ ಹಬ್ಬ. ಬಹಳ ಕಾಲ ಈ ಕೋಶಗಳು ದೀರ್ಘಾಯುಷಿಗಳು, ಅದಕ್ಕೇ ಹಚ್ಚೆ ಶಾಶ್ವತ ಎಂದುಕೊಂಡಿದ್ದರು. ಫ್ರಾನ್ಸಿನ ಮಾರ್ಸೇಯಲ್ಲಿ ರೋಗನಿರೋಧಕ ವಿಜ್ಞಾನದ ಸಂಶೋಧಕರು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಬಣ್ಣ ನುಂಗಿದ ಭಕ್ಷಕ ಕೋಶಗಳನ್ನು ಬೇಕೆಂದೇ ಕೊಂದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ: ಕೋಶಗಳು ಹೋದವು, ಹಚ್ಚೆ ಮಾತ್ರ ಕದಲಲಿಲ್ಲ. ಸತ್ತ ಕೋಶದಿಂದ ಹೊರಬಿದ್ದ ಬಣ್ಣ ಅಲ್ಲೇ ಇತ್ತು, ಆಮೇಲೆ ಬಂದ ಹೊಸ ಕೋಶಗಳು ಅದನ್ನೇ ನುಂಗಿದವು. ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು, ಬದುಕಿರುವವರೆಗೂ ಇದೇ ವ್ಯವಹಾರ. ಲೇಸರಿನಲ್ಲಿ ಹಚ್ಚೆ ಒಂದೇ ಸಲಕ್ಕೆ ಹೋಗದಿರುವುದಕ್ಕೂ ಇದೊಂದು ಕಾರಣ. ಲೇಸರ್ ಕಣವನ್ನು ಒಡೆದು ಚೂರು ಮಾಡುತ್ತದೆ, ಸಣ್ಣ ಚೂರುಗಳು ದುಗ್ಧರಸದ ಜೊತೆ ಸಾಗುತ್ತವೆ, ಉಳಿದವನ್ನು ಪಕ್ಕದ ಕೋಶಗಳು ಮತ್ತೆ ನುಂಗುತ್ತವೆ.

‘ನನ್ನ ಗೆರೆ ಮಸುಕಾಗಿದೆ, ಯಾಕೆ?’ ಎಂಬ ಪ್ರಶ್ನೆಯನ್ನು ಈಗ ನೋಡಿ. ಅದರಲ್ಲಿ ಇರಬೇಕಾದದ್ದೇ ಇಲ್ಲ: ಯಾವಾಗ ಮಸುಕಾಯಿತು? ಹಾಕಿದ ಹೊತ್ತಿಗೋ ಮರುದಿನಕ್ಕೋ ಗೆರೆಯ ಪಕ್ಕ ನೀಲಿ ನೆರಳು ಹರಡಿದ್ದರೆ ಸೂಜಿ ಕೊಬ್ಬಿಗೆ ಇಳಿದಿದೆ ಎಂದು ಅನುಮಾನಿಸಬೇಕು. ಕಸುಬಿನವರು ಅದನ್ನು ಬ್ಲೋಔಟ್ ಎನ್ನುತ್ತಾರೆ. ಹೊಪ್ಪಳೆ ಉದುರಿದ ಮೇಲೆ ಗೆರೆ ಅಲ್ಲಲ್ಲಿ ಮಾಯವಾಗಿದ್ದರೆ ಬಹುಶಃ ಉಲ್ಟಾ ತಪ್ಪು: ಮಸಿ ಹೊರಚರ್ಮದಲ್ಲೇ ಉಳಿದು ಅದರ ಜೊತೆಗೇ ಉದುರಿದೆ. ಹದಿನೈದು ವರ್ಷದ ಮೇಲೆ ಅಂಚು ಮೆತ್ತಗಾಗಿದ್ದರೆ ಹಾಕಿದವರನ್ನು ಬಯ್ಯಬೇಡಿ. ಬಣ್ಣ ಅಷ್ಟು ಕಾಲ ಕೋಶದಿಂದ ಕೋಶಕ್ಕೆ ದಾಟಿದೆ, ದಾಟುವಾಗೆಲ್ಲ ಕೂದಲೆಳೆಯಷ್ಟು ಅಲುಗಿರಬಹುದು, ಬಿಸಿಲೂ ತನ್ನ ಪಾಲು ತಿಂದಿದೆ. ಒಂದೇ ದೂರಿಗೆ ಮೂರು ಕಾರಣ, ಎರಡು ತಪ್ಪಿಗೆ ತದ್ವಿರುದ್ಧ ಮದ್ದು. ಕಾಲ ಹೇಳದವರಿಗೆ ‘ಇನ್ನೂ ಆಳಕ್ಕೆ ಇಳಿಸು’ ಎಂದುಬಿಟ್ಟರೆ ಮುಂದಿನ ಗಿರಾಕಿಯ ಕೈ ಹಾಳು.

ಅದೇ ಪ್ರಶ್ನೆಯನ್ನು ಒಬ್ಬ ಕಲಿಕೆಯವಳು ಹೀಗೆ ಕೇಳಿದಳೆನ್ನಿ: ‘ಸಿಲಿಕೋನ್ ಚರ್ಮದ ಮೇಲೆ ನನ್ನ ಗೆರೆ ಸರಿಯಾಗಿದೆ. ಹಂದಿ ಚರ್ಮದ ಮೇಲೆ, ಏಳು ಸೂಜಿಯ ಗುಂಪಿನಲ್ಲಿ, ಎಡದಿಂದ ಬಲಕ್ಕೆ ಎಳೆದಾಗ ಗೆರೆಯ ಕೊನೆ ಮಾತ್ರ ದಪ್ಪವಾಗುತ್ತಿದೆ.’ ಇದಕ್ಕೆ ನೋಡದೆಯೇ ಉತ್ತರ ಹೇಳಬಹುದು: ಕೊನೆಯಲ್ಲಿ ಕೈ ನಿಲ್ಲುತ್ತಿದೆ, ಮೆಷಿನ್ ನಿಲ್ಲುತ್ತಿಲ್ಲ. ಸೂಜಿ ಎತ್ತಿದ ಮೇಲೂ ಕೈ ಓಡುತ್ತಿರಲಿ.

ಹಾಕಿಸಿಕೊಳ್ಳುವವರ ಪ್ರಶ್ನೆಗಳೂ ಇಷ್ಟೇ ದಾರಿ ತಪ್ಪಿರುತ್ತವೆ. ‘ನೋವಾಗುತ್ತಾ?’ ಆಗುತ್ತದೆ, ಮುಗಿಯಿತು. ಕೇಳಬೇಕಾದದ್ದು: ಸೂಜಿಯ ಪ್ಯಾಕೆಟ್ಟನ್ನು ನನ್ನೆದುರು ಒಡೆಯುತ್ತೀರಾ? ನನಗೆ ಸುರಿದ ಮಸಿಯಲ್ಲಿ ಮಿಕ್ಕಿದ್ದನ್ನು ಏನು ಮಾಡುತ್ತೀರಿ? ಅದು ಕಸಕ್ಕೇ ಹೋಗಬೇಕು. ಹೆಪಟೈಟಿಸ್ ಬಿ, ಸಿ ದಾಟುವುದು ಹಳೆಯ ಸೂಜಿಯಿಂದ ಮಾತ್ರವಲ್ಲ, ರಕ್ತ ಸೇರಿದ ಮಸಿಯ ಬಟ್ಟಲಿನಿಂದಲೂ. ಹಚ್ಚೆ ಹಾಕಿಸಿಕೊಂಡವರಿಂದ ನಮ್ಮ ರಕ್ತನಿಧಿಗಳು ಒಂದು ವರ್ಷ ರಕ್ತ ಪಡೆಯದಿರುವುದಕ್ಕೆ ಕಾರಣ ಇದೇ. ಇನ್ನು ಕೆಂಪು ಬಣ್ಣದ ಜಾಗ ತಿಂಗಳಾದರೂ ತುರಿಸಿ ಊದಿಕೊಂಡಿದ್ದರೆ ಆ ಪ್ರಶ್ನೆ ಹಚ್ಚೆಯವರಿಗೆ ಅಲ್ಲ, ಚರ್ಮದ ಡಾಕ್ಟರಿಗೆ. ಬಣ್ಣಗಳಲ್ಲಿ ಅಲರ್ಜಿಗೆ ಹೆಚ್ಚು ಹೆಸರಾದದ್ದು ಕೆಂಪೇ.

ನಾನು ಕಾಯುತ್ತಿರುವ ಪ್ರಶ್ನೆ ಇನ್ನೊಂದಿದೆ, ಕೇಳುವವರು ಕಡಿಮೆ. ಕೊರವಂಜಿಯರು ಹೊಯ್ದ ಹಚ್ಚೆಗೆ ಹಾಕಿದ್ದು ದೀಪದ ಕರಿ. ಕರಿ ಎಂದರೆ ಶುದ್ಧ ಕಪ್ಪು. ಹಾಗಾದರೆ ಅಜ್ಜಿಯ ಮುಂಗೈಯ ಹಚ್ಚೆ ಹಸಿರು ಕಲೆತ ನೀಲಿಯಾಗಿ ಕಾಣುವುದೇಕೆ? ‘ಸೊಪ್ಪಿನ ರಸ ಬೆರೆಸಿದ್ದರಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಸೊಪ್ಪಿನ ಹಸಿರು ಅಷ್ಟು ವರ್ಷ ಉಳಿಯುವ ಬಣ್ಣವಲ್ಲ. ಕೆಂಪು ಬೆಳಕು ಚರ್ಮದೊಳಗೆ ಆಳಕ್ಕೆ ಇಳಿದು ಕರಿಗೆ ತಾಗಿ ಅಲ್ಲೇ ಹೀರಿಹೋಗುತ್ತದೆ. ನೀಲಿ ಬೆಳಕು ಮೇಲ್ಪದರದಲ್ಲೇ ಚದುರಿ ಕಣ್ಣಿಗೆ ಮರಳುತ್ತದೆ. ಮಸಿ ಆಳದಲ್ಲಿದ್ದಷ್ಟೂ ನೀಲಿ ಹೆಚ್ಚು. ಅಂದರೆ ಆ ಕೈಯ ಬಣ್ಣ ನೋಡಿಯೇ ಸೂಜಿ ಎಷ್ಟು ಇಳಿದಿತ್ತೆಂದು ಅಂದಾಜು ಮಾಡಬಹುದು.

ಹಾಗಾದರೆ ಸೊಪ್ಪಿನ ರಸ ಯಾಕಿತ್ತು? ಗಾಯ ಮಾಯಲೋ, ಮಸಿ ಹದಕ್ಕೆ ಬರಲೋ? ಯಾವ ಸೊಪ್ಪು, ಎಷ್ಟು ಸೂಜಿ ಒಟ್ಟಿಗೆ ಕಟ್ಟುತ್ತಿದ್ದರು, ಎಷ್ಟು ದಿನ ನೀರು ಸೋಕಿಸಬಾರದಿತ್ತು? ಮನೆಯಲ್ಲೋ ಊರಲ್ಲೋ ಹಚ್ಚೆ ಹೊಯ್ಸಿಕೊಂಡ ಹಿರಿಯರಿದ್ದರೆ ಒಂದು ನೋಟುಬುಕ್ಕು ಹಿಡಿದು ಹೋಗಿ. ‘ಹಚ್ಚೆ ಬಗ್ಗೆ ಹೇಳಿ’ ಎನ್ನಬೇಡಿ, ಕತೆ ಎಲ್ಲೆಲ್ಲಿಗೋ ಹೋಗುತ್ತದೆ. ‘ಸೊಪ್ಪನ್ನು ಅರೆದರೋ ಸುಟ್ಟರೋ?’ ಎಂದು ಶುರುಮಾಡಿ.