ಬ್ಯಾರಲ್ಲಿನ ಒಳಮೈಯ ಲೋಳೆ

‘ನೀರಿಗೆ ಕ್ಲೋರಿನ್ ಗುಳಿಗೆ ತಪ್ಪದಂಗ ಹಾಕ್ತೀನ್ರಿ ಡಾಕ್ಟರ್, ಆದ್ರೂ ತಿಂಗಳದಾಗ ಎರಡು ಸಲ ಹುಡುಗನ ಹೊಟ್ಟಿ ಕೆಟ್ಟೈತಿ.’

ಕೇಶ್ವಾಪುರದ ನನ್ನ ದವಾಖಾನೆಗೆ ಮಳೆಗಾಲದಲ್ಲಿ ಬಂದಿದ್ದ ತಾಯಿಯೊಬ್ಬರ ದೂರು ಇದು. ಮಗುವಿಗೆ ಓಆರ್‌ಎಸ್, ಜಿಂಕ್ ಬರೆದುಕೊಟ್ಟು, ಮನೆಯ ಬ್ಯಾರಲ್ಲಿನ ಒಳಮೈ ಮೇಲೆ ಬೆರಳಾಡಿಸಿ ನೋಡಲು ಹೇಳಿದೆ. ಮರುದಿನ ಬಂದು, ‘ಜಾರತೈತ್ರಿ’ ಎಂದರು.

ಹಾಗೆ ಜಾರುವುದು ಬ್ಯಾಕ್ಟೀರಿಯಾಗಳ ಬಡಾವಣೆ. ನೀರಿನಲ್ಲಿ ಒಂಟಿಯಾಗಿ ಈಜುವ ಬ್ಯಾಕ್ಟೀರಿಯಾ ಗೋಡೆಗೆ ತಾಗಿದಾಗ ಅದರೊಳಗೆ ಒಂದು ಪುಟ್ಟ ಅಣು ಹೆಚ್ಚುತ್ತದೆ. ಸೈಕ್ಲಿಕ್ ಡೈ-ಜಿಎಂಪಿ ಎಂಬ ಈ ಅಣುವನ್ನು 1987 ರಲ್ಲಿ ಇಸ್ರೇಲಿನ ಮೋಶೆ ಬೆಂಜಿಮನ್ ಅವರ ತಂಡ ಗುರುತಿಸಿತು. ಇದನ್ನು ತಯಾರಿಸಲು ಒಂದು ಕಿಣ್ವ, ಒಡೆಯಲು ಇನ್ನೊಂದು. ಸಾಮಾನ್ಯವಾಗಿ ಅಣು ಹೆಚ್ಚಿದರೆ ಬ್ಯಾಕ್ಟೀರಿಯಾ ಈಜು ಬಿಟ್ಟು ಅಂಟು ಸುರಿಸಿ ನೆಲೆಯೂರುತ್ತದೆ. ಕಡಿಮೆಯಾದರೆ ಅಂಟು ಬಿಟ್ಟು ಹೊರಡುತ್ತದೆ. ಹೆಸರುಗಳನ್ನು ನೀವು ಮರೆತರೂ ಅಡ್ಡಿಯಿಲ್ಲ. ನೆನಪಿಡಬೇಕಾದದ್ದು ಇಷ್ಟು: ನೀವು ಹಾಕಿದ ಕ್ಲೋರಿನ್‌ನ ಬಹುಪಾಲನ್ನು ಮೇಲಿನ ಅಂಟೇ ನುಂಗಿಬಿಡುತ್ತದೆ, ಒಳಗಿನವು ಬದುಕುತ್ತವೆ. ಲೋಳೆಯಲ್ಲಿರುವುದೆಲ್ಲ ರೋಗಾಣುವಲ್ಲ ನಿಜ, ಆದರೆ ರೋಗಾಣು ಬಂದರೆ ಅದಕ್ಕೂ ಅಲ್ಲಿ ಆಶ್ರಯ ಸಿಗುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ನಳದ ನೀರನ್ನೇ ಪರೀಕ್ಷಿಸಿದ ಅಧ್ಯಯನವೊಂದು 2013 ರಲ್ಲಿ ಪ್ರಕಟವಾಯಿತು. ದಿನವಿಡೀ ನೀರು ಬರುವ ಪ್ರದೇಶಗಳ ನಳಗಳಲ್ಲಿ ಇ. ಕೋಲಿ ಕಂಡದ್ದು ನೂರಕ್ಕೆ 0.7 ಮಾದರಿಗಳಲ್ಲಿ, ಬಿಟ್ಟು ಬಿಟ್ಟು ಬರುವಲ್ಲಿ ನೂರಕ್ಕೆ 31.7 ರಲ್ಲಿ! ಖಾಲಿ ಪೈಪು ಬಿರುಕುಗಳಿಂದ ಹೊರಗಿನ ಹೊಲಸು ನೀರು ಎಳೆದುಕೊಳ್ಳುತ್ತದೆ. ನೀರು ಮತ್ತೆ ನುಗ್ಗಿದಾಗ ಪೈಪಿನೊಳಗಿನ ಲೋಳೆಯೂ ಕಿತ್ತು ಬರುತ್ತದೆ. ತುಂಬಿಟ್ಟ ಪಾತ್ರೆಗಳಲ್ಲಿ ನೀರು ಇನ್ನಷ್ಟು ಕೆಡುವುದೂ ಕಂಡಿತು. ಇದರಲ್ಲಿ ಗೃಹಿಣಿಯರ ತಪ್ಪೇನಿಲ್ಲ. ನೀರು ದಿನಾ ಬಂದರೆ ಬ್ಯಾರಲ್ ತುಂಬಿಡುವವರು ಯಾರು?

ಆದ್ದರಿಂದ ನಳ ಬಂದಾಗ ಮೊದಲ ಕೊಡಗಳನ್ನು ಅಂಗಳಕ್ಕೆ, ಸಂಡಾಸಿಗೆ ಬಳಸಿರಿ. ಬ್ಯಾರಲ್ ಖಾಲಿಯಾದಾಗಲೆಲ್ಲ ಒಳಮೈಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬರೀ ನೀರು ಕುಲುಕಿ ಚೆಲ್ಲಿದರೆ ಲೋಳೆ ಕದಲುವುದಿಲ್ಲ. ಆಮೇಲೆ ಒಂದು ಬಕೆಟ್ ನೀರಿಗೆ ಒಂದು ಚಹಾ ಚಮಚ ಬ್ಲೀಚಿಂಗ್ ಪುಡಿ ಕಲಸಿ, ಒಳಗೆಲ್ಲ ಸವರಿ, ಅರ್ಧ ತಾಸು ಬಿಟ್ಟು ಚೆನ್ನಾಗಿ ತೊಳೆಯಿರಿ. ಇದಕ್ಕೆ ಆ್ಯಸಿಡ್ ಮಾತ್ರ ಬೆರೆಸಬೇಡಿರಿ, ವಿಷದ ಹೊಗೆ ಏಳುತ್ತದೆ. ಗುಳಿಗೆ ಹಾಕುವುದು ಈ ಉಜ್ಜಾಟದ ನಂತರ. ಮಳೆಗಾಲದಲ್ಲಿ ಮಕ್ಕಳಿಗೆ ಕುಡಿಯುವ ನೀರನ್ನು ಕುದಿಸಿಯೇ ಕೊಡಿರಿ, ಲೋಟವನ್ನು ಕೈಸಮೇತ ಅದ್ದದೆ ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ.